ಏನೂ ಮಾಡದಿರಲು ಹಿಡಿಯುವ ಹೊತ್ತು

ಮೊದಲೇ ಒಪ್ಪಿಬಿಡುತ್ತೇನೆ: 1982ರ ಸ್ಪೆಕ್ಟ್ರಮ್ ಕಂಪ್ಯೂಟರಿಗೆ ಯುಎಸ್‌ಬಿ ಪೋರ್ಟು ಕೂಡಿಸುವುದು ಬುದ್ಧಿವಂತರ ಕೆಲಸವಲ್ಲ. 48 ಕಿಲೋಬೈಟ್ ಮೆಮೊರಿಯ ಯಂತ್ರದ ಬೆನ್ನಿಗೆ 32 ಗಿಗಾಬೈಟಿನ ಪೆನ್‌ಡ್ರೈವ್ ಸಿಕ್ಕಿಸುವುದೆಂದರೆ ಚಹಾದ ಬಸಿಗೆ ರಕ್ಕಸಕೊಪ್ಪ ಜಲಾಶಯದ ಪೈಪು ಜೋಡಿಸಿದ ಹಾಗೆ. ಆ ಡ್ರೈವ್ ತುಂಬಿದ್ದರೆ ಅದನ್ನು ಓದಿ ಮುಗಿಸಲು ಯಂತ್ರ ಸುಮಾರು ಆರೂವರೆ ಲಕ್ಷ ಸಲ ಹೊಟ್ಟೆ ತುಂಬಿಸಿಕೊಂಡು ಮತ್ತೆ ಖಾಲಿ ಮಾಡಿಕೊಳ್ಳಬೇಕು. ಆ ಕಾಲದ ಕ್ಯಾಸೆಟ್ಟಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 1500 ಬಿಟ್‌ನಂತೆ, ಈ ಊಟ ನಡೆದರೆ ಐದು ವರ್ಷ ದಾಟುತ್ತದೆ. ಅಷ್ಟರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಒಂದು ವಿಧಾನಸಭೆಯ ಅವಧಿ ಮುಗಿದು ಇನ್ನೊಂದು ಬಂದು ಕೂತಿರುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಪೋರ್ಟು ಕೂಡಿಸಲೇಬೇಕು ಎನ್ನುವುದು ನನ್ನ ವಾದ. ಅದರಿಂದ ಹಳೆಯದು ಹೊಸದಾಗುತ್ತದೆ ಎಂಬ ಭ್ರಮೆ ನನಗಿಲ್ಲ. ಹೊಸದು ಬಂದು ಹಳೆಯದರ ಮುಂದೆ ಕೈಕಟ್ಟಿ ನಿಲ್ಲುತ್ತದೆ, ಅದನ್ನು ನೋಡುವ ಆಸೆ. ಇನ್ನೊಂದು ಗಂಭೀರ ಕಾರಣವೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕೈಕಟ್ಟಿ ನಿಲ್ಲುವುದು ಹೇಗೆಂದು ತಿಳಿಯಲು ಸ್ಪೆಕ್ಟ್ರಮ್ಮಿನ ಒಳಗಿರುವ ಝಡ್80 ಪ್ರೊಸೆಸರಿನ ಒಂದೇ ಒಂದು ಆಜ್ಞೆಯನ್ನು ನೋಡಿದರೆ ಸಾಕು. ಅದರ ಹೆಸರು ನೋಪ್. ಅರ್ಥ, ‘ಏನೂ ಮಾಡಬೇಡ’. ಇದಕ್ಕಿಂತ ಬೇಗ ಮುಗಿಯುವ ಆಜ್ಞೆ ಆ ಪ್ರೊಸೆಸರಿಗೆ ಗೊತ್ತಿಲ್ಲ. ಆದರೂ ಇದಕ್ಕೆ ಗಡಿಯಾರದ ನಾಲ್ಕು ಟಿಕ್ ಬೇಕು. ಸೆಕೆಂಡಿಗೆ 35 ಲಕ್ಷ ಟಿಕ್ ಎನ್ನುವ ಲೆಕ್ಕದಲ್ಲಿ, ಏನೂ ಮಾಡದಿರಲು ಅದಕ್ಕೆ ಒಂದು ಮೈಕ್ರೊಸೆಕೆಂಡಿಗಿಂತ ತುಸು ಹೆಚ್ಚೇ ಹಿಡಿಯುತ್ತದೆ. ಅವಸರವಿಲ್ಲದ ಗುಮಾಸ್ತನ ಹಾಗೆ ಅದು ಮೊದಲು ಕಡತ ಎಲ್ಲಿದೆ ಎಂದು ವಿಳಾಸ ಬರೆಯುತ್ತದೆ, ಕಡತ ತರಿಸುತ್ತದೆ, ತೆರೆದು ಓದುತ್ತದೆ, ‘ಕ್ರಮದ ಅಗತ್ಯವಿಲ್ಲ’ ಎಂದು ಷರಾ ಹಾಕಿ ಮುಚ್ಚುತ್ತದೆ. ಮುಚ್ಚುವ ಹೊತ್ತಿನಲ್ಲೇ, ಎದುರಿಗೆ ತೂಕಡಿಸುತ್ತಿರುವ ಮೆಮೊರಿಯ ಭುಜ ತಟ್ಟಿ ‘ಇದ್ದದ್ದು ಮರೀಬ್ಯಾಡಪಾ’ ಎಂದು ಎಚ್ಚರಿಸುವುದೂ ಇದೆ; ಹಾಗೆ ಆಗಾಗ ತಟ್ಟದಿದ್ದರೆ ಆ ಕಾಲದ ಮೆಮೊರಿ ನಿಜಕ್ಕೂ ಎಲ್ಲ ಮರೆತುಬಿಡುತ್ತಿತ್ತು. ಇಷ್ಟು ಘನತೆಯಿಂದ ಏನೂ ಆಗದಿರುವಾಗ, 1996ರಲ್ಲಿ ಹುಟ್ಟಿದ ಯುಎಸ್‌ಬಿ, ಸೆಕೆಂಡಿಗೆ 1 ಕೋಟಿ 20 ಲಕ್ಷ ಬಿಟ್ ಓಡಿಸುವ ಹುಡುಗ, ಹದಿಮೂರು ಬಿಟ್ ದಾಟಿಸಿ ಮುಂದೆ ಹೋಗಿರುತ್ತಾನೆ. ಸಾಲದ್ದಕ್ಕೆ ಅವನ ಸ್ವಭಾವ ಬೇರೆ ವಿಚಿತ್ರ. ಯಜಮಾನ ಸೆಕೆಂಡಿಗೆ ಸಾವಿರ ಸಲ ‘ನಾನಿದ್ದೇನೆ’ ಎನ್ನುತ್ತಿರಬೇಕು. ಮೂರು ಮಿಲಿಸೆಕೆಂಡ್ ಸದ್ದಿಲ್ಲದಿದ್ದರೆ ಆ ಕಡೆಯ ಸಾಧನ ಹೊದ್ದು ಮಲಗಿಬಿಡುತ್ತದೆ. ಸ್ಪೆಕ್ಟ್ರಮ್ ಹಿರಿಯರು ತಲೆಯೆತ್ತಿ ಸುತ್ತ ನೋಡುವುದೇ ಸೆಕೆಂಡಿಗೆ ಐವತ್ತು ಸಲ. ಒಂದು ನೋಟಕ್ಕೂ ಮುಂದಿನ ನೋಟಕ್ಕೂ ನಡುವೆ ಪೆನ್‌ಡ್ರೈವ್ ಆರು ನಿದ್ದೆ ಮುಗಿಸಬಹುದು.

ಆದ್ದರಿಂದ ನಡುವೆ ಒಬ್ಬ ದುಭಾಷಿ ಬೇಕೇ ಬೇಕು. ಪೇಟೆಯ ಒಂದೇ ಅಂಗಡಿಯಲ್ಲಿ ಕನ್ನಡದಲ್ಲಿ ದರ ಕೇಳಿ, ಮರಾಠಿಯಲ್ಲಿ ಚೌಕಾಸಿ ಮಾಡಿ, ಹಿಂದಿಯಲ್ಲಿ ಜಗಳ ಮುಗಿಸುವ ಬೆಳಗಾವಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ದುಭಾಷಿ ಇಂದು ಬೆರಳುದ್ದದ ಚಿಕ್ಕ ಬೋರ್ಡು, ಉದಾಹರಣೆಗೆ 2021ರ ರಾಸ್ಪ್‌ಬೆರಿ ಪೈ ಪಿಕೊ. ಅದು ಪೆನ್‌ಡ್ರೈವಿನ ಜೊತೆ ಅದರ ಧಾಟಿಯಲ್ಲೇ ಹರಟುತ್ತದೆ. ಹಳೆಯ ಯಂತ್ರ ಕೇಳಿದಾಗ ಮಾತ್ರ ಎಂಟು ತಂತಿಗಳ ಮೇಲೆ ಒಂದೊಂದೇ ಬೈಟ್ ಇಟ್ಟು ಸುಮ್ಮನಾಗುತ್ತದೆ. ಇಲ್ಲೊಂದು ಆಕ್ಷೇಪ ಏಳುತ್ತದೆ, ನ್ಯಾಯವಾದದ್ದೇ. ಪಿಕೊದ ಮೆಮೊರಿ 264 ಕಿಲೋಬೈಟ್, ಯಜಮಾನನದಕ್ಕಿಂತ ಐದೂವರೆ ಪಟ್ಟು. ಪ್ರೊಸೆಸರುಗಳು ಎರಡು, ವೇಗ 133 ಮೆಗಾಹರ್ಟ್ಸ್. ಆಳಿನ ಮನೆ ಗೌಡರ ವಾಡೆಗಿಂತ ದೊಡ್ಡದಾದ ಮೇಲೆ ಕಂಪ್ಯೂಟರ್ ಯಾವುದು, ಪೋರ್ಟು ಯಾವುದು? ಇದಕ್ಕೆ ಉತ್ತರ ಮಿರಜದಲ್ಲಿದೆ. 1970ರ ದಶಕದ ಮೊದಲಲ್ಲಿ ಪುಣೆ–ಮಿರಜ ಹಳಿ ಬ್ರಾಡ್‌ಗೇಜ್ ಆಯಿತು. ಲೋಂಡಾ, ಖಾನಾಪುರ, ಬೆಳಗಾವಿಯ ಹಳಿ ಮಾತ್ರ 1990ರ ದಶಕದವರೆಗೂ ಮೀಟರ್‌ಗೇಜ್ ಆಗಿಯೇ ಉಳಿಯಿತು. ಒಂದರ ಅಗಲ 1676 ಮಿಲಿಮೀಟರ್, ಇನ್ನೊಂದರದ್ದು 1000. ಪುಣೆಗೆ ಹೊರಟವರು ಮಿರಜದಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು, ಸಾಮಾನನ್ನು ಹಮಾಲರು ಹೆಗಲ ಮೇಲೆ ದಾಟಿಸುತ್ತಿದ್ದರು. ಹಮಾಲನ ತೋಳು ಪ್ರಯಾಣಿಕನದಕ್ಕಿಂತ ಗಟ್ಟಿ ಎಂದ ಮಾತ್ರಕ್ಕೆ ಪ್ರಯಾಣ ಅವನದಾಗಲಿಲ್ಲ. ಅಂದಹಾಗೆ ನಮ್ಮ ದುಭಾಷಿ 3.3 ವೋಲ್ಟಿನವನು, ಯಜಮಾನರು 5 ವೋಲ್ಟಿನವರು. ಹಾಗಾಗಿ ದುಭಾಷಿಗೂ ಇನ್ನೊಬ್ಬ ದುಭಾಷಿ ಬೇಕು. ಆ ಪೋರ್ಟಿನಿಂದ ಮೊಬೈಲ್ ಚಾರ್ಜ್ ಮಾಡುವ ಆಸೆಯನ್ನಂತೂ ಈಗಲೇ ಬಿಟ್ಟುಬಿಡಿ. ಒಳಗೆ 9 ವೋಲ್ಟನ್ನು 5ಕ್ಕೆ ಇಳಿಸುವ ರೆಗ್ಯುಲೇಟರ್ ಮೊದಲೇ ಕಾದ ಹಂಚಿನಂತಿರುತ್ತದೆ. ಮೇಲೆ ಅರ್ಧ ಆಂಪಿಯರ್ ಹೇರಿದರೆ ಇನ್ನೂ ಎರಡು ವಾಟ್ ಕಾವು ಏರಿ, ರೊಟ್ಟಿ ಬೇಯದಿದ್ದರೂ ಯಂತ್ರ ಬೆಂದೀತು.

‘ಅಲ್ರೀ, ಇದರ ಬದ್ಲಿ ಒಂದ್ ಲ್ಯಾಪ್‌ಟಾಪ್ ತಗೊಂಡ್ರ ಆಗ್ತಿರಲಿಲ್ಲೇನ್ರೀ?’ ಎನ್ನುವವರಿಗೆ ನನ್ನಲ್ಲಿ ಮರ್ಯಾದೆಯ ಉತ್ತರವಿದೆ. ಉದ್ಯಮಬಾಗದಲ್ಲಿ ಹಳೆಯ ಲೇತಿಗೆ ಡಿಜಿಟಲ್ ಅಳತೆಪಟ್ಟಿ ಕೂಡಿಸಿದರೆ ಯಾರೂ ನಗುವುದಿಲ್ಲ, ಖಾನಾಪುರದ ಹೆಂಚಿನ ಮಾಡಿನಲ್ಲಿ ನಾಲ್ಕು ಹೆಂಚು ಒಡೆದರೆ ಮನೆ ಕೆಡವುವುದಿಲ್ಲ. ಹಲಸಿಯ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಶಾಸನದ ಪ್ರಕಾರ ಅಲ್ಲಿ ವರಾಹನನ್ನು 1186–87ರಲ್ಲಿ ಪ್ರತಿಷ್ಠಾಪಿಸಿದವನು ಕದಂಬ ವಿಜಯಾದಿತ್ಯ. ಒಂದೇ ಚಾವಣಿಯ ಕೆಳಗೆ ಇನ್ನೊಬ್ಬರಿಗೆ ಜಾಗ ಮಾಡಿಕೊಡುವುದು ಖಾನಾಪುರ ತಾಲ್ಲೂಕಿಗೆ ಹೊಸತಲ್ಲ. ನನಗೆ ಸಿಟ್ಟು ಬರುವುದು ಇನ್ನೊಂದು ಜಾತಿಯವರ ಮೇಲೆ: ಹಳೆಯ ಯಂತ್ರದ ಕರುಳೆಲ್ಲ ಕಿತ್ತೆಸೆದು, ಖಾಲಿ ಡಬ್ಬಿಯೊಳಗೆ ಹೊಸ ಬೋರ್ಡು ತುರುಕಿ, ‘ಜೀವ ಕೊಟ್ಟೆ’ ಎಂದು ಫೋಟೊ ತೆಗೆಸಿಕೊಳ್ಳುವವರು. ಅದಕ್ಕೆ ಜೀವ ಕೊಡುವುದು ಅನ್ನುವುದಿಲ್ಲ, ತೊಗಲಿಗೆ ಹುಲ್ಲು ತುಂಬುವುದು ಅನ್ನುತ್ತಾರೆ.

ಇನ್ನು ಬಲವಾದ ಆಕ್ಷೇಪ: ಹಳೆಯ ಯಂತ್ರದ ನಡೆನುಡಿಯನ್ನೆಲ್ಲ ಅನುಕರಿಸುವ ಎಮ್ಯುಲೇಟರ್ ಇಂದು ಫೋನಿನಲ್ಲೇ ಇರುವಾಗ ಈ ತಂತಿ, ಬೆಸುಗೆ ಯಾಕೆ? ಕ್ಯಾಸೆಟ್ಟಿನ ಮಟ್ಟಿಗೆ ನಾನು ಸೋಲುತ್ತೇನೆ. ಅದು ಬರೀ ಸದ್ದು, ಯಾವ ಲ್ಯಾಪ್‌ಟಾಪ್ ಬೇಕಾದರೂ ಕೇಳಿ ಬರೆದುಕೊಂಡೀತು. ಆದರೆ 1984ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಂದದ್ದು ಬಿಬಿಸಿ ಮೈಕ್ರೊ, 32 ಕಿಲೋಬೈಟಿನದು. ಅಂಥ ಯಂತ್ರ ತನ್ನ ಮೂಲ ಪದ್ಧತಿಯಲ್ಲಿ ಬರೆದ ಫ್ಲಾಪಿಯನ್ನು ಇಂದಿನ ಯುಎಸ್‌ಬಿ ಫ್ಲಾಪಿ ಡ್ರೈವ್ ಓದಲಾರದು. ಬರಹದ ಪದ್ಧತಿಯೇ ಬೇರೆ. ಬೆಳಗಾವಿಯ ಹಳೆಯ ಮನೆಗಳ ಟ್ರಂಕಿನಲ್ಲಿ ಮೋಡಿ ಲಿಪಿಯ ಕಾಗದ ಸಿಕ್ಕರೆ ಓದಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗಬೇಕಲ್ಲ, ಹಾಗೆ. ಆ ಹಿರಿಯರು ಓದುತ್ತ ಹೋಗಬೇಕು, ಪಕ್ಕದಲ್ಲಿ ಯಾರಾದರೂ ಬರೆದುಕೊಳ್ಳಬೇಕು. ಪೋರ್ಟು ಅಂದರೆ ಆ ಬರೆದುಕೊಳ್ಳುವವನು. ಒಳಗೆ ತರುವ ಬಾಗಿಲೆಂದು ನೋಡಿದಾಗ ಅದು ಹುಚ್ಚಾಟ. ಹೊರಗೆ ಸಾಗಿಸುವ ಬಾಗಿಲೆಂದು ನೋಡಿದರೆ ಅವಸರದ ಕೆಲಸ. ಯಾವುದೋ ಹುಡುಗಿ ಒಂಬತ್ತನೆಯ ತರಗತಿಯಲ್ಲಿ ಬರೆದ ಮೊದಲ ಪ್ರೋಗ್ರಾಮು ಅಂಥ ಫ್ಲಾಪಿಯಲ್ಲಿದ್ದರೆ, ಖಾನಾಪುರದ ಕಡೆಯ ಪ್ರತಿ ಮಳೆಗಾಲವೂ ಅದರ ಮೇಲೆ ತನ್ನ ಪಾಲಿನ ಬೂಸ್ಟು ಬೆಳೆಸಿ ಹೋಗುತ್ತದೆ. ಓದುವ ಹಿರಿಯರೂ ಬಹಳ ದಿನ ಇರುವವರಲ್ಲ. ಸ್ಪೆಕ್ಟ್ರಮ್ಮಿನದ್ದನ್ನೇ ನೋಡಿ: 1976ರಲ್ಲಿ ಬಂದ ಮೂಲ ಝಡ್80 ಚಿಪ್ಪಿಗೆ ಝೈಲಾಗ್ ಕಂಪನಿ ಕೊನೆಯ ಆರ್ಡರ್ ತೆಗೆದುಕೊಂಡದ್ದು 2024ರ ಜೂನ್‌ನಲ್ಲಿ. 48 ವರ್ಷ, ಸ್ಪೆಕ್ಟ್ರಮ್ಮಿನ ಕಿಲೋಬೈಟುಗಳಷ್ಟೇ.

ಹಾಗಾಗಿ ಕೂಡಿಸಿ. ಒಂದು ಎಚ್ಚರಿಕೆ ಮಾತ್ರ ಬೇಕು. ಸ್ಪೆಕ್ಟ್ರಮ್ಮಿನ ಹಿಂಬದಿಯ ಕನೆಕ್ಟರ್ ಅಂದರೆ ಬೋರ್ಡಿನ ಬೆತ್ತಲೆ ಅಂಚು, ಬೇರೇನೂ ಇಲ್ಲ. ಸಿಕ್ಕಿಸಿದ್ದು ಕೂದಲೆಳೆಯಷ್ಟು ಅಲುಗಿದರೂ ಹಿರಿಯರು ಓದುತ್ತಿದ್ದುದನ್ನು ಅರ್ಧಕ್ಕೇ ಮರೆತು ಮೊದಲ ಪರದೆಗೆ ಮರಳುತ್ತಾರೆ. ಕೆಲಸ ನಡೆದಿರುವಾಗ ಮೇಜಿಗೆ ಯಾರೂ ಕೈ ಊರಬಾರದು. ಕುಂದಾದ ಬಟ್ಟಲನ್ನು ಕಿಟಕಿಯ ಮೇಲಿಡಿ.