ಅಪ್ಪ ತೀರಿಕೊಂಡ, ಅಜ್ಜ ಇದ್ದಾನೆ: ಒಂದು ಟವರಿನ ಸಂದರ್ಶನ

ಮೊಬೈಲ್ ಪರದೆಯ ಮೂಲೆಯಲ್ಲಿ ಅಂಕಿಯ ಪಕ್ಕ ಕೂತಿರುವ ‘ಜಿ’ ಎಂದರೆ ತಲೆಮಾರು. ಯಾವ ತಲೆಮಾರು ಏನು ಮಾಡಿತು ಎಂಬುದನ್ನು ರಬಕವಿ-ಬನಹಟ್ಟಿಯ ಮಗ್ಗಗಳ ಸದ್ದಿನ ನಡುವೆ ನಿಂತ ಒಂದು ಟವರ್ ಈ ಕಾಲ್ಪನಿಕ ಸಂದರ್ಶನದಲ್ಲಿ ವಿವರಿಸುತ್ತದೆ. ಪ್ರಶ್ನೆಗಳು ಊರವರವು. ಟವರ್ ಮಾತ್ರ ತನ್ನನ್ನು ‘ನಾನು’ ಎನ್ನುವುದಿಲ್ಲ. ಸರಕಾರಿ ಸುತ್ತೋಲೆಯ ಹಾಗೆ ಮಾತಾಡುತ್ತದೆ.

ಪ್ರಶ್ನೆ: 1ಜಿ ಅಂಬೋದು ಯಾರೂ ನೋಡೇ ಇಲ್ಲಲ್ರಿ?

ಟವರ್: ನೋಡಲು ಅದು ಇಲ್ಲಿಗೆ ಬರಲಿಲ್ಲ. ಜಪಾನಿನಲ್ಲಿ 1979ರಲ್ಲಿ ಶುರುವಾದದ್ದು ಅದು. ಅನಲಾಗ್, ಬರೀ ಮಾತು. ಭಾರತ ಹೊಸ್ತಿಲು ದಾಟಿದ್ದೇ 2ಜಿಯಿಂದ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರಿಗೆ ಮಾಡಿದ್ದು ಮೊದಲ ಕರೆ. ಆಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಮುತ್ತಜ್ಜನಿಲ್ಲದೆ ಅಜ್ಜ ಹುಟ್ಟಿದ ಮನೆತನ ಇದು.

ಪ್ರಶ್ನೆ: ಗಾಳಿ ಒಂದ, ಮಾತಾಡೋರು ಸಾವಿರ. ಹಂಚೂದು ಹೆಂಗ?

ಟವರ್: ಇಡೀ ವಿದ್ಯೆ ಇರುವುದೇ ಈ ಹಂಚಿಕೆಯಲ್ಲಿ. ಉಳಿದದ್ದೆಲ್ಲ ಜಾಹೀರಾತು. ನೇಕಾರರ ಲೆಕ್ಕದಲ್ಲಿ ಹೇಳುವುದಾದರೆ, 2ಜಿಯಲ್ಲಿ ಒಂದೊಂದು ತರಂಗಪಟ್ಟಿಯೂ ಒಂದು ಮಗ್ಗ. ಎಂಟು ಜನ ಪಾಳಿಯ ಮೇಲೆ ಲಾಳಿ ಎಸೆಯುತ್ತಾರೆ. ಒಬ್ಬರ ಪಾಳಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು. ಮಾತು ತುಂಡಾದದ್ದು ಕಿವಿಗೆ ತಿಳಿಯುವುದಿಲ್ಲ. 3ಜಿಯಲ್ಲಿ ಎಲ್ಲರೂ ಒಂದೇ ಹಾಸಿನಲ್ಲಿ ಒಟ್ಟಿಗೇ ನೇಯುತ್ತಾರೆ, ಆದರೆ ಒಬ್ಬೊಬ್ಬರ ನೂಲಿಗೆ ಒಂದೊಂದು ಬಣ್ಣ, ಅಂದರೆ ಒಂದೊಂದು ಸಂಕೇತ. ಫೋನು ತನ್ನ ಬಣ್ಣದ ಎಳೆಯನ್ನಷ್ಟೇ ಹೆಕ್ಕುತ್ತದೆ. 4ಜಿ ಆ ಹಾಸನ್ನೇ 15 ಕಿಲೋಹರ್ಟ್ಸ್ ಅಗಲದ ಸಣ್ಣ ಎಳೆಗಳಾಗಿ ಬಿಡಿಸಿತು. ಯಾರಿಗೆ ಎಷ್ಟು ಎಳೆ ಎಂಬುದನ್ನು ಸೆಕೆಂಡಿಗೆ ಸಾವಿರ ಸಲ ಹೊಸದಾಗಿ ತೀರ್ಮಾನಿಸುತ್ತದೆ. 5ಜಿಯದೂ ಅದೇ ನೇಯ್ಗೆ. ಮಗ್ಗದ ಅಗಲ ಹೆಚ್ಚು, ಮತ್ತು ಅಲೆಯನ್ನು ಸುತ್ತಲೂ ಚೆಲ್ಲದೆ ಫೋನಿರುವ ದಿಕ್ಕಿಗೇ ತಿರುಗಿಸುತ್ತದೆ.

ಪ್ರಶ್ನೆ: ಇದರಾಗ ಇಂಟರ್ನೆಟ್ ಎಲ್ಲಿ ಬಂತು?

ಟವರ್: ಮುಧೋಳದ ಕಬ್ಬಿನ ಹೊಲ ಇಡಿಯಾಗಿ ಎದ್ದು ಕಾರ್ಖಾನೆಗೆ ಹೋಗುವುದಿಲ್ಲ. ಕಡಿದು, ಹೊರೆ ಕಟ್ಟಿ, ಟ್ರ್ಯಾಕ್ಟರಿಗೆ ಹೇರಿ, ಬೇರೆಯವರ ಟ್ರ್ಯಾಕ್ಟರುಗಳ ನಡುವೆಯೇ ಸಾಗಿಸುತ್ತಾರೆ. ಇಂಟರ್ನೆಟ್ ಹಾಗೆ: ಫೋಟೊ, ವಿಡಿಯೊ ಎಲ್ಲವೂ ವಿಳಾಸದ ಚೀಟಿ ಅಂಟಿದ ಸಣ್ಣ ಪ್ಯಾಕೆಟ್‌ಗಳಾಗಿ ಹೋಗಿ ಆ ಕಡೆ ಮತ್ತೆ ಜೋಡಿಕೊಳ್ಳುತ್ತವೆ. 2ಜಿಯ ಕರೆ ಹೀಗಲ್ಲ. ಅದು ರಸ್ತೆಯನ್ನೇ ಹಿಡಿದಿಡುತ್ತದೆ. ಮಾತಾಡುವವರು ಸುಮ್ಮನೆ ಕೆಮ್ಮುತ್ತ ನಿಂತರೂ ಪಾಳಿ ಅವರದೇ. ಜಿಪಿಆರ್‌ಎಸ್, ಎಡ್ಜ್ ಬಂದು 2ಜಿಯ ಖಾಲಿ ಪಾಳಿಗಳಲ್ಲಿ ಪ್ಯಾಕೆಟ್ ತುಂಬಿದವು. ಪರದೆಯ ಮೇಲೆ ಎಡ್ಜ್‌ನ ‘ಇ’ ಅಕ್ಷರ ಕಂಡವರಿಗೆ ಆ ತಾಳ್ಮೆಯ ಕಾಲ ನೆನಪಿರುತ್ತದೆ. 4ಜಿ 2012ರಲ್ಲೇ ಕೋಲ್ಕತ್ತ, ಬೆಂಗಳೂರಿಗೆ ಬಂದಿತ್ತು. ಮನೆಮಾತಾದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾದ ಮೇಲೆ. ಅದರಲ್ಲಿ ಮಾತೂ ಪ್ಯಾಕೆಟ್ಟೇ.

ಪ್ರಶ್ನೆ: ಜಮಖಂಡ್ಯಾಗ ಕಡ್ಡಿ ಫುಲ್ ಅದಾವ್ರಿ, ನೆಟ್ ಯಾಕ ಬರೂದಿಲ್ಲ?

ಟವರ್: ಕಡ್ಡಿ ತೋರಿಸುವುದು ಟವರಿನ ದನಿ ಫೋನಿಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನಷ್ಟೇ. ಸಾಲು ಎಷ್ಟುದ್ದ ಇದೆ ಎಂಬುದನ್ನಲ್ಲ. ಕಾರ್ಖಾನೆಯ ಮುಂದಿನ ರಸ್ತೆ ಎಷ್ಟೇ ಚೆಂದವಿರಲಿ, ತೂಗುವ ಕಾಟಾ ಒಂದೇ ಇದ್ದರೆ ಟ್ರ್ಯಾಕ್ಟರ್ ಬೆಳತನಕ ನಿಲ್ಲಬೇಕು. ಟವರಿನ ಹಿಂದೆಯೂ ಒಂದು ಕಾಟಾ ಇದೆ: ನೆಲದೊಳಗಿನ ಫೈಬರ್, ಇಲ್ಲವೇ ಇನ್ನೊಂದು ಟವರಿಗೆ ಮುಖ ಮಾಡಿದ ಮೈಕ್ರೋವೇವ್ ತಟ್ಟೆ. ಜಾತ್ರೆಯ ದಿನ ಎಲ್ಲರೂ ಒಟ್ಟಿಗೆ ವಿಡಿಯೊ ಕಳಿಸಿದರೆ ಕಡ್ಡಿಗಳು ನಿಂತೇ ಇರುತ್ತವೆ, ನೆಟ್ ಮಲಗುತ್ತದೆ.

ಪ್ರಶ್ನೆ: ಮನೀತನದಾಗ ಯಾರ‍್ಯಾರು ಅದಾರ?

ಟವರ್: ಅಜ್ಜ 2ಜಿ ಇದ್ದಾನೆ, ಗುಂಡಿ ಒತ್ತುವ ಫೋನುಗಳು ಅವನನ್ನು ಬಿಡುತ್ತಿಲ್ಲ. ಅಪ್ಪ 3ಜಿಯನ್ನು ಖಾಸಗಿ ಕಂಪನಿಗಳು ಮೊದಲೇ ಮಣ್ಣು ಮಾಡಿ, ಅವನ ಪಾಲಿನ ತರಂಗಗಳನ್ನು ಮಗ 4ಜಿಯ ಹೆಸರಿಗೆ ಬರೆದವು. ಮೊಮ್ಮಗ 5ಜಿ ಉದ್ಘಾಟನೆಯಾದದ್ದು 2022ರ ಅಕ್ಟೋಬರ್ 1ರಂದು. ಆಸ್ತಿಗಾಗಿ ಜಗಳವಿಲ್ಲ, ಹರಾಜು ಮಾತ್ರ.

ಪ್ರಶ್ನೆ: ಬೀಳಗಿ ಹಿನ್ನೀರಿನ ದಂಡ್ಯಾಗ ಮೊಮ್ಮಗ ಯಾಕ ಬರವಲ್ಲ?

ಟವರ್: ಕೆಳಗಿನ ಆವರ್ತನದ ಅಲೆ ದೂರ ನಡೆಯುತ್ತದೆ, ಗೋಡೆಯನ್ನೂ ದಾಟುತ್ತದೆ. 5ಜಿಯ ಮುಖ್ಯ ಪಟ್ಟಿಯಾದ 3.3 ಗಿಗಾಹರ್ಟ್ಸ್ ಹೊರೆ ಹೆಚ್ಚು ಹೊರುತ್ತದೆ, ಆದರೆ ಬೇಗ ಸುಸ್ತಾಗುತ್ತದೆ. ಆದ್ದರಿಂದ ಹತ್ತಿರ ಹತ್ತಿರ ಟವರ್ ಬೇಕು. ಚದುರಿದ ಊರುಗಳಲ್ಲಿ ಅಷ್ಟು ಟವರಿಗೆ ಗಿರಾಕಿ ಎಷ್ಟು ಎಂಬುದು ಕಂಪನಿಯ ಲೆಕ್ಕ, ಅದು ಭೌತಶಾಸ್ತ್ರವಲ್ಲ.

ಪ್ರಶ್ನೆ: ವಿಕಿರಣದ ಅಂಜಿಕಿ?

ಟವರ್: ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನು ಭಾರತ 2012ರಲ್ಲಿ ಜಾರಿಗೆ ತಂದಿತು. ಟವರ್ ದೂರವಾದಷ್ಟೂ ಕಿವಿಗಂಟಿದ ಫೋನೇ ಹೆಚ್ಚು ಜೋರಾಗಿ ಕೂಗಬೇಕಾಗುತ್ತದೆ. ಆದರೂ ಮುಂಜಾನೆ ಟವರ್ ಬೇಡವೆಂದು ಅರ್ಜಿ, ಸಂಜೆ ನೆಟ್ ಇಲ್ಲವೆಂದು ತಕರಾರು. ಎರಡಕ್ಕೂ ಸಹಿ ಒಂದೇ.

ಪ್ರಶ್ನೆ: 6ಜಿ ಯಾವಾಗ್ರಿ?

ಟವರ್: ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅದಕ್ಕೆ ಐಎಂಟಿ-2030 ಎಂದು ಹೆಸರಿಟ್ಟಿದೆ. ಇಸವಿ ಹೆಸರಿನಲ್ಲೇ ಇದೆ. ಬೀಳಗಿಯ ಇಸವಿ ಅದರಲ್ಲಿಲ್ಲ.