ಜಾಲಹಳ್ಳಿಯಲ್ಲಿ ಆಗುಂಬೆಯ ಮಳೆ

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ, ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ. ಎರಡರ ನಡುವೆ 31 ವರ್ಷ. ನಮ್ಮ ಈಗಿನ ‘ಕುವೆಂಪು ಪ್ರೇರಿತ’ ಕಾದಂಬರಿಕಾರನಿಗೆ 31 ದಿನ ಧಾರಾಳವಾಯಿತು. ಮಳೆ ಸಿದ್ಧವಿದೆ, ಕಾಡು ಸಿದ್ಧವಿದೆ, ನಾಯಿಯೂ ಸಿದ್ಧವಿದೆ. ಹೆಸರು ಬದಲಾಯಿಸಿದರೆ ಮುಗಿಯಿತು.

ಅಂಥವನೊಬ್ಬ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ಬರೆಯಲು ಕೂತಿದ್ದಾನೆ ಎಂದುಕೊಳ್ಳಿ. ಮೇ ತಿಂಗಳು. ಹೊರಗೆ ಬಿಸಿಲು 40 ಡಿಗ್ರಿ ದಾಟಿದೆ, ಹಾಳೆಯ ಮೇಲೆ ಜಡಿಮಳೆ. ಎರೆ ಹೊಲದಲ್ಲಿ ಅಡಿಕೆ ತೋಟ ಎದ್ದಿದೆ. ಹತ್ತಿ ಬಿಡಿಸುವ ಹೆಂಗಸರ ಕಾಲಿಗೆ ಇಂಬಳ ಹತ್ತಿವೆ. ತಿಂಥಣಿ ಬ್ರಿಜ್ ಕೆಳಗೆ ಹರಿಯುವ ಕೃಷ್ಣೆಗೆ ತುಂಗೆ ಎಂದು ಮರುನಾಮಕರಣವಾಗಿದೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿಯ ಹುಲಿಯನಂಥ ನಾಯಿಯೊಂದು ಕಾಡು ಹುಡುಕಿ ಸಾಕಾಗಿ ಜಾಲಿಗಿಡದ ಬುಡದಲ್ಲಿ ನಾಲಿಗೆ ಚಾಚಿ ಮಲಗಿದೆ. ಕಾದಂಬರಿಯೊಳಗೆ ಚಳಿ ಇರುವುದರಿಂದ ಗೌಡರು ಕಂಬಳಿ ಹೊದ್ದು ಬೆವರುತ್ತಿದ್ದಾರೆ. ಪಾತ್ರಗಳು ಮಾತಿಗೊಮ್ಮೆ ‘ಮಾರಾಯಾ’ ಅನ್ನುತ್ತವೆ. ‘ಯಪ್ಪಾ’ ಅನ್ನುವವರೆಲ್ಲ ಊರು ಬಿಟ್ಟಂತಿದೆ.

ಹಸ್ತಪ್ರತಿ ಓದಿಸಿ ಕೇಳಿದ ಊರ ಹಿರಿಯ ಏನೆಂದಾನು? “ತಮ್ಮಾ, ಚಲೋ ಬರ್ದೀಯಪ. ಆದ್ರ ಇಷ್ಟ್ ಮಳಿ ನಮ್ಮೂರಾಗ ಬಿದ್ದಿದ್ರ ನಾವ್ಯಾಕ ಗುಳೇ ಹೋಗ್ತಿದ್ವಿ?”

ಬೆನ್ನುಡಿ ಬರೆಯುವ ವಿಮರ್ಶಕರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಅವರು ‘ಮತ್ತೊಬ್ಬ ಕುವೆಂಪು’ ಎಂದು ಬರೆದು ಕೈತೊಳೆದುಕೊಂಡಿರುತ್ತಾರೆ.

ಹಾಗಾದರೆ ಇಲ್ಲಿ ಬರೆಯಲು ಏನೂ ಇಲ್ಲವೆ? ಮನೆಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ಸಂಸಾರಗಳಿವೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರಿಗಾಗಿ ಮೇಲಿನ ಹೊಲದವನಿಗೂ ಕೊನೆಯ ಹೊಲದವನಿಗೂ ನಡೆಯುವ ತಕರಾರಿದೆ. 1948ರವರೆಗಿನ ನಿಜಾಮರ ಆಳಿಕೆಯ ನೆನಪಿದೆ. ಅಲಾಯಿ ಕುಣಿಯ ಸುತ್ತ ಹಿಂದೂ, ಮುಸ್ಲಿಮರು ಕೂಡಿ ಹೆಜ್ಜೆ ಹಾಕುವ ಮೊಹರಂ ಇದೆ. ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ನೆಲದಡಿ ಚಿನ್ನವೇ ಇದೆ. ಆದರೆ ನಮ್ಮ ಲೇಖಕನ ಲೆಕ್ಕದಲ್ಲಿ ಇದೆಲ್ಲ ‘ಪ್ರಾದೇಶಿಕ’. ಅಡಿಕೆ ಮಾತ್ರ ವಿಶ್ವಮಾನವ.

ಕುವೆಂಪು ಟಾಲ್‌ಸ್ಟಾಯ್‌ ಅವರನ್ನು ಮನಸಾರೆ ಮೆಚ್ಚಿದವರು. ಹಾಗೆಂದು ಕುಪ್ಪಳಿಯಲ್ಲಿ ಹಿಮ ಸುರಿಸಲಿಲ್ಲ, ಹೆಗ್ಗಡೆಯರಿಗೆ ತುಪ್ಪಳದ ಕೋಟು ತೊಡಿಸಲಿಲ್ಲ. ಅವರದೇ ಮನೆಯಲ್ಲಿ ಬೆಳೆದ ತೇಜಸ್ವಿ ಅಪ್ಪನ ಮಳೆಯನ್ನು ಪಿತ್ರಾರ್ಜಿತವೆಂದು ಬರೆಸಿಕೊಳ್ಳದೆ ಮೂಡಿಗೆರೆಗೆ ಹೋಗಿ, ಹಾರುವ ಓತಿಯ ಬೆನ್ನುಹತ್ತಿ ‘ಕರ್ವಾಲೊ’ ಬರೆದರು. ದೇವನೂರ ಮಹಾದೇವ 1984ರ ‘ಕುಸುಮಬಾಲೆ’ಯಲ್ಲಿ ತಮ್ಮ ನೆಲದ ಆಡುಮಾತನ್ನೇ ನೆಚ್ಚಿದರು. ನಮ್ಮ ಕಲಬುರಗಿಯ ಗೀತಾ ನಾಗಭೂಷಣ ಈ ಸೀಮೆಯ ಬಿಸಿಲಲ್ಲೇ ನಿಂತು ‘ಬದುಕು’ ಬರೆದು, 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಮಗನಿಗೇ ಬೇಡವಾದ ನಕಲು ದೇವದುರ್ಗದವನಿಗೆ ಯಾಕೆ ಬೇಕೋ!

ಆದ್ದರಿಂದ ಕಾದಂಬರಿಕಾರರಲ್ಲಿ ಒಂದು ವಿನಂತಿ. ಮುಂದಿನ ಪುಸ್ತಕಕ್ಕೆ ಆಗುಂಬೆಯ ಬಸ್ಸು ಹತ್ತಬೇಡಿ. ದೇವದುರ್ಗದ ಬಸ್ ನಿಲ್ದಾಣದಲ್ಲಿ ಗುಳೇ ಹೊರಟವರ ಗಂಟುಮೂಟೆಯ ಪಕ್ಕ ಕೂತು ಅವರ ಮಾತು ಕೇಳಿ. ಅಷ್ಟಾದ ಮೇಲೂ ನಿಮಗೆ ಅಡಿಕೆ ತೋಟವೇ ಕಂಡರೆ ದಯವಿಟ್ಟು ಬರೆಯಬೇಡಿ. ಕುವೆಂಪು ಬೇಜಾರು ಮಾಡಿಕೊಳ್ಳುವುದಿಲ್ಲ.