ಮುರಿದ ಕೈಗೊಂದು ಹಲಸು

ಕೈ ಮುರಿದವನನ್ನು ನೋಡಲು ಬರುವವರು ಸಾಮಾನ್ಯವಾಗಿ ಮೂಸಂಬಿ ತರುತ್ತಾರೆ. ನಮ್ಮ ಸೋದರತ್ತೆ ಕಂಡಕ್ಟರನ ಲಗೇಜ್ ಟಿಕೆಟ್ಟಿಗೂ ಜಗ್ಗದೆ ಸಾಗರದಿಂದ ಹೊತ್ತು ತಂದದ್ದು ಒಂದು ಇಡೀ ಬಕ್ಕೆ ಹಲಸು! "ಪಾಪ, ಎಷ್ಟು ಸೊರಗಿದ್ದೀಯೋ, ಬಿಡಿಸ್ಕೊಂಡು ತಿನ್ನು" ಎಂದವರೇ ಸಂಜೆ ಬಸ್ಸು ಹತ್ತಿದರು. ಎರಡೂ ಕೈ ನೆಟ್ಟಗಿದ್ದವರೇ ಕೊಬ್ಬರಿ ಎಣ್ಣೆ ಸವರಿಕೊಂಡು, ಹಳೇ ಪೇಪರು ಹಾಸಿಕೊಂಡು, ದೇವರನ್ನು ನೆನೆದು ಕೂರುವ ಕೆಲಸ ಅದು. ನಾನೋ ಎಡಗೈಯಲ್ಲಿ ಕತ್ತಿ ಹಿಡಿದೆ. ಮೇಣ ಪ್ಲಾಸ್ಟರಿಗೆ ಹತ್ತಿತು. ಪ್ಲಾಸ್ಟರು ಪಂಚೆಗೆ ಹತ್ತಿತು. ಪಂಚೆ ಎಲ್ಲಿಗೆ ಹತ್ತಿತೆಂದು ಕೇಳಬೇಡಿ. ನನ್ನನ್ನು ಬಿಡಿಸಲು ಬಂದ ಪಕ್ಕದ ಮನೆಯವರು ತೊಳೆಯನ್ನೂ ಬಿಡಿಸಿ ತಿಂದು, ಬೀಜವನ್ನು ಹುಳಿಗೆಂದು ಒಯ್ದರು. ರಾತ್ರಿ ಅತ್ತೆಯ ಫೋನು: "ಹಿಡಿಸಿತೇನೋ? ಇನ್ನೊಂದು ಕಳಿಸ್ತೀನಿ, ಅದಕ್ಕಿಂತ ದೊಡ್ಡದು!"